ಯಲ್ಲದಕೆರೆ ಮನೆ ಸೋರಿದ್ದು

ಮೊದಲು ಈ ಮಾತು ಕೇಳಿಸಿಕೊಳ್ಳಿ, ಕಥೆ ಆಮೇಲೆ. ಕರಿಯಣ್ಣಜ್ಜನಿಗೆ ನೆನಪು ಕೈಕೊಡುತ್ತಿದೆ, ಯಲ್ಲದಕೆರೆ ಮನೆ ವಿಚಾರದಲ್ಲಿ ಏನೇನೋ ಸೇರಿಸಿ ಹೇಳುತ್ತಾನೆ ಅಂತ ಈ ವಾಟ್ಸಾಪ್ ಗುಂಪಿನಲ್ಲಿ ಯಾರೋ ಬರೆದಿದ್ದಾರೆ. ಯಾರು ಅಂತ ನನಗೆ ಗೊತ್ತು. ಮೊಮ್ಮಗಳು ಮೋನಿಕಾ ಓದಿ ಹೇಳಿದಳು. ನೋಡಿ, ನಾನು ರಿಟೈರ್ ಆಗುವ ತನಕ ಸರ್ಕಾರಿ ಬಸ್ಸು ಓಡಿಸಿದವನು. ಹೊಳಲ್ಕೆರೆಯಿಂದ ಹೊಸದುರ್ಗಕ್ಕೆ ಹೋಗುವ ದಾರಿಯಲ್ಲಿ ಯಾವ ತಿರುವಿನಲ್ಲಿ ಯಾರ ಮನೆ ನಾಯಿ ಅಡ್ಡ ಬರುತ್ತಿತ್ತು ಅನ್ನುವುದನ್ನು ಇವತ್ತಿಗೂ ಹೇಳಬಲ್ಲೆ. ನೀವು ನಿನ್ನೆ ರಾತ್ರಿ ಏನು ಉಂಡಿರಿ ಅಂತ ಕೇಳಿದರೆ ಹೆಂಡತಿಯ ಮುಖ ನೋಡುವ ಜನ. ನನ್ನ ನೆನಪಿನ ಸುದ್ದಿಗೆ ಬರಬೇಡಿ. ಆ ದಿನ ಆ ಮನೆಯಲ್ಲಿ ಇದ್ದವನು ನಾನು. ನಿಮ್ಮಲ್ಲಿ ಒಬ್ಬರೂ ಇರಲಿಲ್ಲ.

ಹೊಸಬರೂ ಗುಂಪಿನಲ್ಲಿ ಇದ್ದಾರಂತೆ, ಅದಕ್ಕೇ ಬುಡದಿಂದ ಹೇಳುತ್ತೇನೆ. ಗಿರಿಯಮ್ಮ ನನ್ನ ಅಕ್ಕ. ಹಿರಿಯೂರು ತಾಲ್ಲೂಕು ಯಲ್ಲದಕೆರೆಗೆ ಕೊಟ್ಟಿದ್ದು. ಬಾವ ಹೋಗಿ ಬಹಳ ಕಾಲವಾಯಿತು. ಅವಳಿಗೆ ಇಬ್ಬರು ಗಂಡುಮಕ್ಕಳು. ದೊಡ್ಡವನು ರಾಮಾಂಜನೇಯ, ಅವನ ಹೆಂಡತಿ ಯಮುನಾ, ಹೊಳಲ್ಕೆರೆ ಕಡೆಯ ಹುಡುಗಿ. ಅವರಿಗೆ ಮಕ್ಕಳಿಲ್ಲ. ಚಿಕ್ಕವನು ದುರುಗೇಶ್, ಅವನ ಹೆಂಡತಿ ಸುಮಾ. ಒಂದು ಮಂದೆ ಕುರಿ, ಸ್ವಲ್ಪ ಹೊಲ. ಯಮುನಾ ಊರಿನ ಅಂಗನವಾಡಿಯಲ್ಲಿ ಸಹಾಯಕಿ. ಇಷ್ಟು ಜನ. ಇಷ್ಟು ನೆನಪಿಟ್ಟುಕೊಂಡರೆ ಸಾಕು.

ಅವರದು ಮೊದಲು ಮಾಳಿಗೆ ಮನೆ. ತೊಲೆ, ತೊಲೆ ಮೇಲೆ ಜಂತೆ, ಜಂತೆ ಮೇಲೆ ಸೊಪ್ಪು, ಅದರ ಮೇಲೆ ಮೊಣಕಾಲುದ್ದ ಕರ್ಲು ಮಣ್ಣು. ಕರ್ಲು ಅಂದರೆ ಉಪ್ಪಿನ ಅಂಶ ಇರುವ ಮಣ್ಣು. ಹುಲ್ಲೂ ಹುಟ್ಟುವುದಿಲ್ಲ ಅದರಲ್ಲಿ. ಒದ್ದೆಯಾದರೆ ಹಿಟ್ಟಿನ ಹಾಗೆ ಅಂಟಿಕೊಂಡು ನೀರು ಬಿಡುವುದಿಲ್ಲ. ಒಣಗಿ ಬಿರುಕು ಬಿಟ್ಟರೆ ಮಾತ್ರ ಸೋರುತ್ತದೆ. ಆಗ ಮೇಲೆ ಹತ್ತಬೇಕು, ಬಿರುಕಿಗೆ ನೀರು ಹಾಕಬೇಕು, ಹಿಮ್ಮಡಿಯಲ್ಲಿ ತುಳಿಯಬೇಕು. ಬಿರುಕು ಕೂಡಿಕೊಳ್ಳುತ್ತದೆ, ಸೋರುವುದು ನಿಲ್ಲುತ್ತದೆ. ನಮ್ಮ ಕಡೆ ಮನೆ ಸೋರಿತು ಅಂದರೆ ಬೈಗುಳ ಬೀಳುತ್ತಿದ್ದದ್ದು ಮೇಲೆ ಹತ್ತಿ ತುಳಿಯದ ಮೈಗಳ್ಳ ಮಗನಿಗೆ.

ರಾಮಾಂಜನೇಯ ಆ ಮಾಳಿಗೆ ಕೆಡವಿ ಅದೇ ಜಾಗದಲ್ಲಿ ಆರ್‌ಸಿಸಿ ಮನೆ ಕಟ್ಟಿಸಿದ. ಒಂದು ಹಾಲು, ಎರಡು ರೂಮು, ಅಡಿಗೆಮನೆ. ತನ್ನ ರೂಮಿಗೆ ಸೇರಿಸಿ ಹೆಂಡತಿಗೆ ಅಂತ ಒಂದು ಬಚ್ಚಲು ಹಾಕಿಸಿದ. ಉಳಿದವರಿಗೆ ಹೊರಗಿನ ಬಚ್ಚಲೇ. ಗೃಹಪ್ರವೇಶ ಆಯಿತು, ಊಟ ಆಯಿತು, ಆದರೆ ನನ್ನ ಅಕ್ಕ ಒಳಗೆ ಮಲಗಲು ಒಪ್ಪಲಿಲ್ಲ. ಕುರಿ ಕೂಡುವ ರೊಪ್ಪದ ಪಕ್ಕದ ಗುಡಿಸಲಲ್ಲಿ ಕಂಬಳಿ ಹಾಸಿಕೊಂಡು ಮಲಗಿದಳು. ಕೇಳಿದರೆ ಒಂದೇ ಮಾತು.

"ತಲೆ ಮೇಲೆ ಮಣ್ಣಿಲ್ದಿದ್ದು ಮನೆಯೇನ್ಲೇ? ಗೋಡೌನು."

ರಾಮಾಂಜನೇಯ ವಾದ ಮಾಡುವ ಪೈಕಿ ಅಲ್ಲ. ಕೆಡವಿದ ಮಾಳಿಗೆಯ ಹಳೆಯ ಕರ್ಲು ಹಿತ್ತಲಲ್ಲಿ ಗುಡ್ಡೆ ಬಿದ್ದಿತ್ತು. ಅದನ್ನೇ ಹೊತ್ತು ಹೊಸ ಆರ್‌ಸಿಸಿ ಮೇಲೆ ಹರಡಿದ. ಸುತ್ತ ಗೋಡೆ ಇದ್ದದ್ದರಿಂದ ಮಣ್ಣು ಜಾರಲಿಲ್ಲ. ಆಮೇಲೆ ಅಕ್ಕ ಒಳಗೆ ಬಂದಳು. ಬೇಸಿಗೆಯಲ್ಲಿ ಮನೆ ತಂಪಾಗಿದೆ ಅಂತ ಬಂದವರೆಲ್ಲ ಹೇಳಿದರು. ನಾನೂ ಹೇಳಿದೆ.

ರಾಮಾಂಜನೇಯ ಹೋದದ್ದು ಹೈವೇಯಲ್ಲಿ. ಕುರಿ ದಾಟಿಸುತ್ತಿದ್ದ. ಕುರಿ ಎಲ್ಲ ದಾಟಿದವು, ಅವನು ದಾಟಲಿಲ್ಲ. ಇದರಲ್ಲಿ ಇನ್ನು ಹೇಳುವುದಕ್ಕೆ ಏನೂ ಇಲ್ಲ.

ನಾನು ಬಹಳ ಸಾವಿನ ಮನೆ ನೋಡಿದ್ದೇನೆ. ಅಳುತ್ತಾರೆ, ಜಗಳ ಆಡುತ್ತಾರೆ, ತಿಥಿ ಊಟದಲ್ಲಿ ಉಪ್ಪು ಕಡಿಮೆ ಅಂತಾರೆ, ಹೇಗೋ ದಿನ ಉರುಳುತ್ತವೆ. ಆ ಮನೆ ಹಾಗಿರಲಿಲ್ಲ. ಅಕ್ಕ ಅಳಲಿಲ್ಲ. ಯಮುನಾ ಅಳಲಿಲ್ಲ. ಹೋದರೆ ಕುಂತ್ಕಳ್ರಿ ಅನ್ನುತ್ತಿದ್ದರು, ಟೀ ಕೊಡುತ್ತಿದ್ದರು, ಗೋಡೆ ನೋಡುತ್ತಿದ್ದರು. ರಾಮಾಂಜನೇಯನ ಹೆಸರು ಯಾರೂ ಎತ್ತುತ್ತಿರಲಿಲ್ಲ. ಬೇಕಂತಲೇ ಮುಚ್ಚಿಟ್ಟ ಹಾಗೂ ಕಾಣುತ್ತಿರಲಿಲ್ಲ. ಹಲ್ಲು ಕೀಳಿಸಲು ಸೂಜಿ ಚುಚ್ಚಿದಾಗ ದವಡೆ ಇದೆಯೋ ಇಲ್ಲವೋ ಗೊತ್ತಾಗುವುದಿಲ್ಲವಲ್ಲ, ಹಾಗೆ ಇದ್ದರು.

ಸೋರುವುದು ಶುರುವಾದದ್ದು ದೀಪಾವಳಿ ಮಳೆ ಹಿಡಿದಾಗ. ಯಮುನಾ ರೂಮಿನ ಸೂರಿನಲ್ಲಿ ಮೊದಲು ಒಂದು ತಟ್ಟೆಯಷ್ಟು ತೇವ. ಮಳೆ ನಿಂತಿತು, ತೇವ ನಿಲ್ಲಲಿಲ್ಲ. ಸಂಕ್ರಾಂತಿ ಕಳೆಯಿತು, ಶಿವರಾತ್ರಿ ಕಳೆಯಿತು, ಆಕಾಶದಲ್ಲಿ ಒಂದು ತುಂಡು ಮೋಡ ಇಲ್ಲ, ಆ ರೂಮಿನಲ್ಲಿ ಮಾತ್ರ ತೊಟ್ಟು ಬೀಳುತ್ತಲೇ ಇತ್ತು. ಗಾರೆ ಉದುರಿ ಕಬ್ಬಿಣ ಕಾಣತೊಡಗಿತು. ಯಮುನಾ ಮಂಚ ಮೂಲೆಗೆ ಸರಿಸಿ, ತೊಟ್ಟು ಬೀಳುವ ಜಾಗಕ್ಕೆ ಸ್ಟೀಲ್ ಬೇಸನ್ ಇಟ್ಟಿದ್ದಳು.

ದುರುಗೇಶ್ ಲೆಕ್ಕ ಹಾಕಿದ. ಮಳೆ ಇಲ್ಲ, ಅಂದಮೇಲೆ ಸೂರಿನ ತಪ್ಪಿಲ್ಲ. ಸೂರಿನ ಮೇಲಿದ್ದ ಸಿಂಟೆಕ್ಸ್ ಟ್ಯಾಂಕು ಬೆಳಿಗ್ಗೆ ತುಂಬಿಸಿದರೆ ಮಧ್ಯಾಹ್ನಕ್ಕೆ ಅರ್ಧ ಆಗಿರುತ್ತಿತ್ತು. ಅಷ್ಟು ನೀರು ಯಾರೂ ಬಳಸುತ್ತಿರಲಿಲ್ಲ. ಅಂದಮೇಲೆ ಪೈಪು. ಮನೆಯೊಳಗೆ ಪೈಪು ಹೋಗಿರುವುದು ಎರಡೇ ಕಡೆ, ಅಡಿಗೆಮನೆಗೆ ಮತ್ತು ಯಮುನಾಳ ಬಚ್ಚಲಿಗೆ. ಅಡಿಗೆಮನೆ ಒಣಗಿತ್ತು. ಲೆಕ್ಕ ಸರಿಯಾಗಿಯೇ ಇತ್ತು ಅನ್ನಿ. ನಾನಾಗಿದ್ದರೂ ಹಾಗೇ ಹಾಕುತ್ತಿದ್ದೆ.

ಹಿರಿಯೂರಿನಿಂದ ಸುದೀಪ್ ಅಂತ ಪ್ಲಂಬರ್ ಬಂದ. ಬಟ್ಟೆಗೆ ಹಾಕುವ ನೀಲಿ ತಂದು ಬಚ್ಚಲ ನೀರಿಗೆ ಕದಡಿದ. ಪೈಪು ಒಡೆದಿದ್ದರೆ ಸೂರಿನಿಂದ ನೀಲಿ ತೊಟ್ಟು ಬೀಳಬೇಕು. ಬೀಳಲಿಲ್ಲ. ಬಿದ್ದದ್ದು ಮೊದಲಿನ ಹಾಗೇ ಮಣ್ಣು ಬಣ್ಣದ ನೀರು. "ಬಚ್ಚಲದ್ದಲ್ಲ ಅಣ್ಣ" ಅಂದ ಸುದೀಪ್. "ಸಿಮೆಂಟಲ್ಲಿ ನೀಲಿ ಸೋಸಿ ಹೋಗಿರ್ತೈತೆ" ಅಂದ ದುರುಗೇಶ್. ಸುದೀಪ್ ಇನ್ನೊಂದು ಕೆಲಸಕ್ಕೆ ಹೋಗಬೇಕಿತ್ತು, ಹೋದ. ದುರುಗೇಶ್ ತಾನೇ ಸುತ್ತಿಗೆ ಹಿಡಿದು ಬಚ್ಚಲ ನೆಲ ಒಡೆದ, ನಲ್ಲಿ ಕಿತ್ತ. ತೊಟ್ಟು ನಿಲ್ಲಲಿಲ್ಲ. ಗೋಡೆಯೊಳಗೆ ಹೂತಿರುವ ಪೈಪೇ ಒಡೆದಿದೆ, ಗೋಡೆ ಒಡೆಯಬೇಕು ಅಂತ ತೀರ್ಮಾನ ಮಾಡಿದ. ಗೋಡೆ ಒಡೆದರೆ ಅದು ರೂಮಲ್ಲ. ಯಮುನಾ ಎಲ್ಲಿರಬೇಕು?

ನನಗೆ ಫೋನ್ ಬಂತು.

"ಮಾವ, ನೀನು ಬಂದು ಕುಂತ್ಕಂಡ್ರೆ ಸಾಕು. ನಾಳೆ ಅತ್ತಿಗೆ ಅಣ್ಣ ನಾಗಭೂಷಣ ಬತ್ತಾನೆ, ಹೊಳಲ್ಕೆರೆಯಿಂದ. ಗಾಡಿ ತತ್ತಾನೆ. ದೊಡ್ಡೋರು ಒಬ್ರು ಇರ್ಬೇಕು. ಓಡಿಸಿದ್ರು ಅಂತ ಯಾರೂ ಅನ್ಬಾರ್ದು."

"ಓಡಿಸ್ತಾ ಇದೀಯೇನ್ಲೇ?"

"ಇಲ್ಲ ಮಾವ. ಗೋಡೆ ಒಡಿಯಗಂಟ ಅಲ್ಲಿರ್ಲಿ ಅಂತ."

"ಮತ್ತೆ ಕಟ್ಟಾದು ಯಾವಾಗ?"

"ನೋಡಾಣ."

ಈ ನೋಡಾಣ ಅನ್ನುವುದರ ಅರ್ಥ ನಿಮಗೂ ಗೊತ್ತು. ಅಂಗನವಾಡಿ ಕೆಲಸ ಅದೇ ಊರಿನಲ್ಲಿ ಇರುವವರಿಗೆ. ಆರು ತಿಂಗಳು ತವರಲ್ಲಿ ಕುಳಿತರೆ ಅದು ಇನ್ನೊಬ್ಬರದಾಗುತ್ತದೆ. ಗಂಡ ಇಲ್ಲ, ಮಕ್ಕಳಿಲ್ಲ, ರೂಮಿಲ್ಲ, ಕೆಲಸವೂ ಹೋಯಿತು ಅಂದರೆ ಆ ಊರಿಗೆ ಅವಳು ಯಾವ ನೆಪದಲ್ಲಿ ವಾಪಸ್ಸು ಬರುವುದು? ದುರುಗೇಶ್ ಕೆಟ್ಟವನಲ್ಲ. ಅವನಿಗೆ ಸೋರುವುದು ನಿಲ್ಲಬೇಕಿತ್ತು. ಅತ್ತಿಗೆ ಹೋದರೂ ಬೇಡ ಅನ್ನುತ್ತಿರಲಿಲ್ಲ, ಅಷ್ಟೇ.

ಅವತ್ತು ಸಂಜೆಯೇ ಹೋದೆ. ಯಮುನಾ ಪೆಟ್ಟಿಗೆಗೆ ಬಟ್ಟೆ ಹಾಕುತ್ತಿದ್ದಳು. ಒಂದೊಂದನ್ನೂ ಮಡಿಸುವುದು, ಬಿಚ್ಚುವುದು, ಮತ್ತೆ ಮಡಿಸುವುದು. "ಬರ್ರಿ ಮಾವ" ಅಂದಳು, ಮುಖ ಎತ್ತಲಿಲ್ಲ. ಸುಮಾ ಬಾಗಿಲಲ್ಲಿ ನಿಂತು ನನಗೆ ಕೇಳಿಸುವ ಹಾಗೆ ಅಂದಳು.

"ನಮ್ಮ ರೂಮಿಗೆ ಬಚ್ಚಲೂ ಇಲ್ಲ, ಸೋರಾದೂ ಇಲ್ಲ."

"ನಿಂಗೂ ಒಂದು ಹಾಕ್ಸಿದ್ರೆ ನಿಂದೂ ಸೋರಾದು ಬಿಡಮ್ಮ" ಅಂದೆ. ಬಾಯಿಗೆ ಬಂದದ್ದು. ಅವಳು ಒಳಗೆ ಹೋದಳು. ಯಮುನಾ ನಗಲಿಲ್ಲ, ಸಿಟ್ಟೂ ಆಗಲಿಲ್ಲ. ಬೇಸನ್ನಿಗೆ ಒಂದು ತೊಟ್ಟು ಬಿತ್ತು. ನಾವಿಬ್ಬರೂ ಬೇಸನ್ ನೋಡಿದೆವು.

ಇಲ್ಲಿ ಬೆರಳು ಜಾರಿ, ನಾನು ಮಾತಾಡಿ ಕಳಿಸಿದ ಹಿಂದಿನ ತುಂಡು ಅರ್ಧಕ್ಕೇ ಹೋಗಿದೆ. ಮೋನಿಕಾ ಒತ್ತಿ ಹಿಡಿಯಬೇಡ ಅಜ್ಜ, ಮೇಲಕ್ಕೆ ಎಳೆ ಅಂತಾಳೆ. ಗೇರು ಹಾಕಿದ ಹಾಗೆ ಅಂತೆ. ಸರಿ, ಮುಂದೆ ಕೇಳಿ.

ಮಾರನೆಯ ಬೆಳಿಗ್ಗೆ ದುರುಗೇಶ್ ಕುರಿ ಬಿಟ್ಟುಕೊಂಡು ಹೋದ, ಮಧ್ಯಾಹ್ನಕ್ಕೆ ಬರುತ್ತೇನೆ ಅಂತ. ಸುಮಾ ಟೊಮ್ಯಾಟೊ ಬಿಡಿಸಲು ಹೋದಳು. ಯಮುನಾ ರಜೆ ಹಾಕಿದ್ದಳು, ನನಗೆ ಟೀ ಮಾಡಿ ಕೊಟ್ಟಳು. ಅವಳ ರೂಮಿನಲ್ಲೇ ಪ್ಲಾಸ್ಟಿಕ್ ಕುರ್ಚಿ ಹಾಕಿಕೊಂಡು ಕುಳಿತೆ. ಸೂರು ನೋಡುತ್ತಾ ಕುಳಿತದ್ದು, ಕುರ್ಚಿ ಎಲ್ಲಿ ಹಾಕಿದೆ ಅಂತ ನೋಡಲಿಲ್ಲ. ಒಂದು ತೊಟ್ಟು ನೇರ ಲೋಟಕ್ಕೆ ಬಿತ್ತು. ಟೀ ಚೆಲ್ಲುವುದೇಕೆ ಅಂತ ಕುಡಿದೆ. ಇನ್ನೊಂದು ಬಿತ್ತು. ಅದನ್ನೂ ಕುಡಿದೆ. ಟೀ ಉಪ್ಪಾಗಿತ್ತು.

"ಯಮುನಾ, ಸಕ್ಕರೆ ಅಂತ ಉಪ್ಪು ಹಾಕೀಯೇನಮ್ಮ?"

"ಇಲ್ಲ ಮಾವ."

ಬೇಸನ್ನಿನ ನೀರಿಗೆ ಬೆರಳದ್ದಿ ನಾಲಿಗೆಗೆ ಇಟ್ಟೆ. ಉಪ್ಪು. ಬಾಯಿ ಒಗರಾಗುವಷ್ಟು ಉಪ್ಪು. ಅಡಿಗೆಮನೆಗೆ ಹೋಗಿ ನಲ್ಲಿ ನೀರು ಕುಡಿದೆ. ಅದೇ ಟ್ಯಾಂಕಿನ ನೀರು, ಸಪ್ಪೆ. ಪೈಪಿನಿಂದ ಸೋರುವ ನೀರು ಸಪ್ಪೆಯಾಗಿ ಇರಬೇಕಲ್ಲ. ಉಪ್ಪಿದೆ ಅಂದರೆ ಅದು ಕರ್ಲು ಮಣ್ಣಿನ ಮೂಲಕ ಇಳಿದು ಬರುತ್ತಿದೆ. ಅದು ನನಗೆ ತಕ್ಷಣ ಹೊಳೆಯಿತು. ಹೊಳೆಯದೆ ಇದ್ದದ್ದು, ಮಳೆಯೇ ಇಲ್ಲದಿರುವಾಗ ಕರ್ಲಿಗೆ ನೀರು ಎಲ್ಲಿಂದ ಬಂತು ಅನ್ನುವುದು.

ಅಷ್ಟರಲ್ಲಿ ಸೂರಿನ ಮೇಲೆ ದಬ್ ದಬ್ ಅಂತ ಸದ್ದು. ಯಾರೋ ನಡೆದಾಡುವ ಸದ್ದಲ್ಲ. ಒಂದೇ ಜಾಗದಲ್ಲಿ ನಿಂತು ತುಳಿಯುವ ಸದ್ದು.

ಹೊರಗಿನ ಮೆಟ್ಟಿಲು ಹತ್ತಿ ಹೋದೆ. ನನ್ನ ಮೊಣಕಾಲಿನ ಗತಿ ನಿಮಗೆ ಗೊತ್ತು, ಹತ್ತುವಷ್ಟರಲ್ಲಿ ಸದ್ದು ನಿಂತು ಮತ್ತೆ ಶುರುವಾಗಿತ್ತು. ಅಕ್ಕ ಇದ್ದಳು. ಸೀರೆ ಮೇಲಕ್ಕೆ ಸಿಕ್ಕಿಸಿದ್ದಳು. ಟ್ಯಾಂಕಿನ ಬುಡದ ನಲ್ಲಿಯಿಂದ ಬಿಂದಿಗೆ ತುಂಬುವಳು, ತಂದು ಯಮುನಾಳ ರೂಮಿನ ನೆತ್ತಿಗೆ ಸರಿಯಾಗಿ ಸುರಿಯುವಳು, ಹಿಮ್ಮಡಿಯಲ್ಲಿ ತುಳಿಯುವಳು. ಪಾದ ಹೂತುಹೋಗುವಷ್ಟು ಕೆಸರಾಗಿತ್ತು. ತುಳಿಯುತ್ತಾ ಮಾತಾಡುತ್ತಿದ್ದಳು.

"ಇಲ್ಲಿ ನೋಡೋ. ಇಲ್ಲೂ ಬಿಟ್ಟೈತೆ. ಸಣ್ಣದು ಅಂತ ಬಿಟ್ರೆ ದೊಡ್ಡದಾಗ್ತೈತೆ. ಈ ಕಡೆ ಬಾ."

ನನಗೆ ಹೇಳುತ್ತಿದ್ದಾಳೆ ಅಂದುಕೊಂಡು ಆ ಕಡೆ ಹೋದೆ. ನನ್ನನ್ನು ಕಂಡು ನಿಲ್ಲಿಸಿದಳು.

"ಏನ್ ಮಾಡ್ತಾ ಇದೀಯಕ್ಕ?"

"ಕಾಣಲ್ವ? ತುಳೀತಾ ಇದೀನಿ. ಕೆಳಗೆ ಸೋರ್ತೈತಲ್ಲ."

"ಎಷ್ಟು ದಿನದಿಂದ?"

"ಸೋರಾಕೆ ಹತ್ತಿದಾಗಿಂದ. ದುರುಗ ಪೈಪು ಪೈಪು ಅಂತಾನೆ. ಅವನಿಗೇನು ಗೊತ್ತು, ಮಾಳಿಗೆ ತುಳಿಯಾವಾಗ ಇನ್ನೂ ಕೂಸು. ಸೋರಿದ್ರೆ ಕರ್ಲು ಬಿರೀತು ಅಂತ. ನೀರಾಕಿ ತುಳೀಬೇಕು. ಎಷ್ಟು ತುಳಿದ್ರೂ ನಿಲ್ತಾ ಇಲ್ಲ ನೋಡು. ನಿನ್ನೆಯಿಂದ ಜಾಸ್ತಿ ಹಾಕ್ತಾ ಇದೀನಿ."

ನನಗೆ ಅಲ್ಲೇ ಟ್ಯಾಂಕಿನ ಬುಡದಲ್ಲಿ ಕೂರಬೇಕು ಅನ್ನಿಸಿತು, ಕುಳಿತೆ. ಆರ್‌ಸಿಸಿ ಮೇಲೆ ಕರ್ಲು ಹಾಕಿದ ಮೇಲೆ ಅದು ದೀಪಾವಳಿ ಮಳೆಗೆ ನೀರು ಹಿಡಿದುಕೊಂಡಿದೆ. ಹರಿದು ಹೋಗಲು ದಾರಿಯಿಲ್ಲ, ಸೂರಿಗೆ ಇಳಿದಿದೆ. ಸೋರಿತು ಅಂತ ಇವಳು ನೀರು ಹಾಕಿದ್ದಾಳೆ. ನೀರು ಹಾಕಿದ್ದಕ್ಕೆ ಮತ್ತೆ ಸೋರಿದೆ. ಮತ್ತೆ ಸೋರಿತು ಅಂತ ಮತ್ತಷ್ಟು ಹಾಕಿದ್ದಾಳೆ. ಮೂರು ಜನ ಮನೆಯಲ್ಲಿ ಇರುವಾಗ ಕಾರಣ ಹುಡುಕುತ್ತಿದ್ದರು. ಕಾರಣ ಅವರು ಹೊರಗೆ ಹೋದ ಮೇಲೆ ಬಿಂದಿಗೆ ಹಿಡಿದು ಮೇಲೆ ಹತ್ತುತ್ತಿತ್ತು. ಮುದುಕಿ ಮೆಣಸಿನಕಾಯಿ ಒಣಹಾಕಲು ಹೋಗುತ್ತಾಳೆ ಅಂತ ಅವರು ತಿಳಿದಿದ್ದರು.

ಅಕ್ಕನಿಗೆ ಅಲ್ಲೇ ಹೇಳಬಹುದಿತ್ತು. ಮೊದಲು ಯಮುನಾಗೆ ಹೇಳೋಣ, ಪೆಟ್ಟಿಗೆ ಕಟ್ಟುವುದನ್ನಾದರೂ ನಿಲ್ಲಿಸಲಿ ಅಂತ ಕೆಳಗೆ ಬಂದೆ. ಅವಳು ಪೆಟ್ಟಿಗೆಗೆ ಚಿಲಕ ಹಾಕುತ್ತಿದ್ದಳು.

"ಯಮುನಾ, ನಿನ್ನ ಬಚ್ಚಲದ್ದಲ್ಲಮ್ಮ. ಅಕ್ಕ ಮೇಲೆ ನೀರು ಸುರೀತಾ ಅವಳೆ."

"ಗೊತ್ತು ಮಾವ."

ನನಗೆ ಕೇಳಿಸಿದ್ದು ಸರಿಯೋ ಅಂತ ಇನ್ನೊಮ್ಮೆ ಕೇಳಿದೆ. ಇನ್ನೊಮ್ಮೆಯೂ ಅದನ್ನೇ ಹೇಳಿದಳು, ಅದೇ ದನಿಯಲ್ಲಿ.

"ಗೊತ್ತಿದ್ದೂ ಸುಮ್ನಿದ್ಯಾ? ನಿನ್ನ ಬಚ್ಚಲು ಒಡೆದ. ನಾಳೆ ಗೋಡೆ ಒಡೀತಾನೆ. ನಿನ್ನ ಗಾಡೀಲಿ ಹಾಕ್ಕಂಡು ಹೋಗ್ತಾರೆ. ಬಾಯಿಲ್ವ ನಿಂಗೆ?"

ಅವಳು ಪೆಟ್ಟಿಗೆ ಮೇಲೆ ಕುಳಿತಳು. ಮೇಲೆ ಮತ್ತೆ ದಬ್ ದಬ್ ಶುರುವಾಗಿತ್ತು. ಅವಳು ಬೆರಳೆತ್ತಿ ಸೂರು ತೋರಿಸಿದಳು. ಕಿವಿಗೊಟ್ಟೆ. ಸದ್ದಿನ ನಡುವೆ ಅಕ್ಕನ ಮಾತು, ಕಿಟಕಿಯಿಂದ ಸಣ್ಣಗೆ ಕೇಳುತ್ತಿತ್ತು. ಈ ಕಡೆ ತುಳಿಯೋ. ಅಲ್ಲಿ ಕೈಯಾಡ್ಸು. ರಾಮಾಂಜಿ, ಊಟಕ್ಕೆ ಹೊತ್ತಾತು ಇಳೀ.

"ಈ ಮನೇಲಿ ಅವ್ರ ಹೆಸ್ರು ಬರಾದು ಅಷ್ಟೊತ್ತಿಗೆ ಮಾತ್ರ ಮಾವ" ಅಂದಳು ಯಮುನಾ. "ಅತ್ತೆ ಕೆಳಗೆ ಇಳಿದ್ರೆ ಆಡಲ್ಲ. ದುರುಗೇಶ್‌ಗೆ ಹೇಳಿದ್ರೆ ನಿಲ್ಲಿಸ್ತಾನೆ."

"ಅದನ್ನ ಕೇಳಿದ್ರೆ ನಿಂಗೆ ಸಮಾಧಾನ ಆಗ್ತೈತಾ?"

ಸುಳ್ಳು ಹೇಳುವ ಹುಡುಗಿ ಅಲ್ಲ.

"ಇಲ್ಲ. ಏನೂ ಆಗಲ್ಲ. ಕೇಳಿ ಅಂಗನವಾಡಿಗೆ ಹೋಗ್ತೀನಿ."

"ಅಲ್ಲಮ್ಮ, ಹೊಳಲ್ಕೆರೆಗೆ ಹೋದ್ರೆ ಅದೂ ಕೇಳಾದಿಲ್ವಲ್ಲ."

"ಅದನ್ನ ಯೋಚ್ನೆ ಮಾಡಿರ್ಲಿಲ್ಲ ಮಾವ" ಅಂದಳು. ಅವಳು ನಿಜವಾಗಿಯೂ ಯೋಚನೆ ಮಾಡಿರಲಿಲ್ಲ. ಹೊಳಲ್ಕೆರೆಗೆ ಹೋಗುವುದು, ಇಲ್ಲಿರುವುದು, ಅವಳಿಗೆ ಆಗ ಒಂದೇ ಆಗಿತ್ತು. ನಿಮಗೆ ಇದು ವಿಚಿತ್ರ ಅನ್ನಿಸಿದರೆ ನಿಮಗೆ ಅಂಥ ದಿನ ಬಂದಿಲ್ಲ ಅಂತ ಅರ್ಥ. ಬರದೇ ಇರಲಿ.

ಮಧ್ಯಾಹ್ನದ ಹೊತ್ತಿಗೆ ದುರುಗೇಶ್ ಬಂದ. ಅವನ ಹಿಂದೆಯೇ ಸುಮಾ. ಅಕ್ಕ ಇಳಿದು ಬಂದು ಕಾಲು ತೊಳೆದುಕೊಂಡು ಹಾಲ್‌ನಲ್ಲಿ ಕುಳಿತಿದ್ದಳು. ನಾನು ಸುತ್ತಿಬಳಸಿ ಹೇಳುವವನಲ್ಲ. ಎಲ್ಲರೆದುರಿಗೆ ಹೇಳಿದೆ.

"ದುರುಗ, ಪೈಪು ಒಡೆದಿಲ್ಲ. ನಿಮ್ಮವ್ವ ದಿನಾ ಕರ್ಲಿಗೆ ನೀರಾಕಿ ತುಳೀತಾ ಅವಳೆ. ಆ ನೀರೇ ಇಳೀತಾ ಇರಾದು. ಬೇಕಾದ್ರೆ ಬೇಸನ್ ನೀರು ಬಾಯಿಗೆ ಹಾಕ್ಕಂಡು ನೋಡು, ಉಪ್ಪೈತೆ."

ದುರುಗೇಶ್ ರೂಮಿಗೆ ಹೋದ. ಬೇಸನ್ನಿಗೆ ಬೆರಳದ್ದಿದ. ವಾಪಸ್ಸು ಬಂದು ಬಾಗಿಲಿಗೆ ಒರಗಿ ನಿಂತ. ಅವನ ಕಣ್ಣು ಒಡೆದ ಬಚ್ಚಲಿನ ಕಡೆ ಇತ್ತು.

ಅಕ್ಕ ನನ್ನನ್ನೇ ನೋಡುತ್ತಿದ್ದಳು.

"ತುಳಿದ್ರೆ ಸೋರ್ತೈತಾ?"

"ಇದು ಜಂತೆ ಮಾಳಿಗೆ ಅಲ್ಲಕ್ಕ. ಕೆಳಗೆ ಸಿಮೆಂಟು. ಮಣ್ಣು ನೀರು ಹಿಡ್ಕಂಡು ಕುಂತ್ಕಂತೈತೆ, ಉಪ್ಪು ಕಬ್ಬಿಣ ತಿಂತೈತೆ. ಆರ್‌ಸಿಸಿಗೆ ಕರ್ಲು ಹಾಕ್ಬಾರ್ದು."

"ಹಾಕ್ಬಾರ್ದಾ?"

"ಹಾಕ್ಬಾರ್ದು."

ಅವಳು ಕಾಲ ಬೆರಳಿನ ಸಂದಿಯ ಕೆಸರು ತೆಗೆಯತೊಡಗಿದಳು. ಎಷ್ಟೋ ಹೊತ್ತು ತೆಗೆದಳು. ಆಮೇಲೆ ಕೇಳಿದಳು.

"ಅವನಿಗೆ ಗೊತ್ತಿತ್ತಾ?"

ನನಗೆ ಗೊತ್ತಿರಲಿಲ್ಲ. ಇಲ್ಲ ಬಿಡಕ್ಕ, ಅವನಿಗೂ ಗೊತ್ತಿರಲಿಲ್ಲ ಅಂದುಬಿಡೋಣ ಅಂತ ಬಾಯಿ ತೆರೆದೆ. ಅಷ್ಟರಲ್ಲಿ ಯಮುನಾ ರೂಮಿನ ಬಾಗಿಲಿಂದ ಹೇಳಿದಳು.

"ಗೊತ್ತಿತ್ತು ಅತ್ತೆ. ಮೇಸ್ತ್ರಿ ಬ್ಯಾಡ ಅಂದಿದ್ದ. ನಮ್ಮವ್ವ ಒಳಗೆ ಬಂದು ಮಲ್ಗಾದಾದ್ರೆ ಹಾಕ್ತೀನಿ ಬಿಡು ಅಂದ್ರು."

"ಗೊತ್ತಿದ್ದೂ ಹಾಕಿದ್ನಾ?"

"ಹೂಂ."

ಅಕ್ಕ ಅಳುತ್ತಾಳೆ ಅಂದುಕೊಂಡೆ. ನಾವೆಲ್ಲ ಅದಕ್ಕೇ ಕಾಯುತ್ತಿದ್ದೆವು ಅನ್ನಿಸುತ್ತದೆ. ಅಳಲಿಲ್ಲ. ನೆಲಕ್ಕೆ ಕೈಯೂರಿ ಎದ್ದಳು.

"ಹಂಗಾದ್ರೆ ಇಳಿಸ್ರಿ. ಪೂರ್ತಿ ಇಳಿಸ್ರಿ. ದುರುಗ, ಗುದ್ದಲಿ ತಗಂಬಾ."

ಈಗ ಮುಖ್ಯವಾದದ್ದು ಕೇಳಿ, ಇದಕ್ಕೇ ನಾನು ಇಷ್ಟು ಹೊತ್ತು ಬಾಯಿ ನೋಯಿಸಿಕೊಂಡದ್ದು. ನಮ್ಮಲ್ಲಿ ಮಾಳಿಗೆಗೆ ಕರ್ಲು ಹಾಕುವಾಗ ಮೊದಲನೇ ಪುಟ್ಟಿ ಮಣ್ಣು ಹೊರುವುದು ಮನೆಯ ಹಿರಿಸೊಸೆ. ಎತ್ತಿ ತಲೆ ಮೇಲೆ ಇಡುವುದು ಅತ್ತೆ. ಒಂದು ಸಲ ಹಾಗೆ ಹೊತ್ತವಳನ್ನು ಆ ಸೂರಿನ ಕೆಳಗಿಂದ ಯಾರೂ ಎಬ್ಬಿಸುವ ಹಾಗಿಲ್ಲ. ಹೊಸ ಮನೆಗೆ ರಾಮಾಂಜನೇಯ ಒಬ್ಬನೇ ಹೊತ್ತಿದ್ದ, ಅತ್ತೆಯೂ ಸೊಸೆಯೂ ಮುಟ್ಟಿರಲಿಲ್ಲ. ಇಳಿಸುವುದಕ್ಕೆ ಯಾವ ಶಾಸ್ತ್ರವೂ ಇಲ್ಲ, ನಾನಂತೂ ಕೇಳಿಲ್ಲ. ದುರುಗೇಶ್ ಮೇಲೆ ಹೋದ, ಅಕ್ಕನೂ ನಾನೂ ಹಿಂದೆಯೇ ಹತ್ತಿದೆವು. ಅವನು ಗುದ್ದಲಿಯಿಂದ ಎಳೆದು ಪುಟ್ಟಿ ತುಂಬಿಸಿದ. ತಾನೇ ಎತ್ತಲು ಬಗ್ಗಿದ. ಅಕ್ಕ ಬೇಡ ಅಂದಳು. ಕೆಳಗೆ ನೋಡಿ ಕರೆದಳು.

"ಯಮುನಾ, ಬಾ ಇಲ್ಲಿ. ಸಿಂಬೆ ಸುತ್ಕ."

ಯಮುನಾ ಹತ್ತಿ ಬಂದಳು. ಟವೆಲ್ ಸಿಂಬೆ ಸುತ್ತಿ ತಲೆ ಮೇಲಿಟ್ಟುಕೊಂಡಳು. ಅಕ್ಕ ಆ ವಯಸ್ಸಿನಲ್ಲಿ ಒದ್ದೆ ಮಣ್ಣಿನ ಪುಟ್ಟಿ ಎತ್ತಿ ಅವಳ ತಲೆ ಮೇಲಿಟ್ಟಳು. ದುರುಗೇಶ್ ಒಂದು ಕೈ ಕೊಟ್ಟ. ಅವನ ಮುಖ ನೋಡಿದೆ. ಅವನಿಗೆ ಅರ್ಥವಾಗಿತ್ತು. ಸುಮಾಳಿಗೂ ಅರ್ಥವಾಗಿತ್ತು, ಅವಳು ಕೆಳಗೆ ನಿಂತಿದ್ದವಳು ಮೆಟ್ಟಿಲು ಬಿಟ್ಟು ಪಕ್ಕಕ್ಕೆ ಸರಿದಳು. ಯಮುನಾ ಮೆಟ್ಟಿಲು ಇಳಿಯುತ್ತಿದ್ದಳು. ಪುಟ್ಟಿಯಿಂದ ಕೆಸರು ನೀರು ಅವಳ ಹಣೆ, ಕೆನ್ನೆ, ಕುತ್ತಿಗೆ ಮೇಲೆ ಇಳಿಯುತ್ತಿತ್ತು. ಒರೆಸಿಕೊಳ್ಳಲಿಲ್ಲ.

ಅದೇ ಹೊತ್ತಿಗೆ ನಾಗಭೂಷಣನ ಗಾಡಿ ಬಂದು ಮನೆ ಮುಂದೆ ನಿಂತಿತು.

ಅವನ ಕಣ್ಣಿನಿಂದ ನೋಡಿ. ತಂಗಿಯನ್ನು ಕರೆದುಕೊಂಡು ಹೋಗು ಅಂತ ಇವರೇ ಫೋನ್ ಮಾಡಿದ್ದಾರೆ. ಅವನು ಹೊಳಲ್ಕೆರೆ ಪೇಟೆಯಲ್ಲಿ ಹುಟ್ಟಿ ಬೆಳೆದವನು, ತಾರಸಿ ಮನೆಯವನು, ಕರ್ಲು ಪುಟ್ಟಿ ಏನು ಅಂತ ಅವನಿಗೆ ಏನು ಗೊತ್ತು. ಗಂಡ ಸತ್ತ ತಂಗಿ ತಲೆ ಮೇಲೆ ಕೆಸರು ಹೊತ್ತು ಇಳಿಯುತ್ತಿದ್ದಾಳೆ, ಗಂಡಸು ಮೇಲೆ ಗುದ್ದಲಿ ಹಿಡಿದು ನಿಂತಿದ್ದಾನೆ, ಇನ್ನೊಬ್ಬ ಸೊಸೆ ಕೈಕಟ್ಟಿ ನೋಡುತ್ತಿದ್ದಾಳೆ.

"ಏನಪ್ಪ ಇದು? ಹೋಗೋ ದಿನಾನೂ ಕೂಲಿ ಮಾಡಿಸ್ಕಂಡೇ ಕಳಿಸ್ತೀರಾ?"

"ಹಂಗಲ್ಲ ಬಾವ, ಅತ್ತಿಗೆ ಎಲ್ಲಿಗೂ ಬರಲ್ಲ ಈಗ" ಅಂದ ದುರುಗೇಶ್. ಅವನು ಒಳ್ಳೆಯದಕ್ಕೇ ಹೇಳಿದ್ದು. ಕೇಳಿದವನಿಗೆ ಬೇರೆ ಥರ ಕೇಳಿಸಿತು.

"ಬರಲ್ವ? ಮಣ್ಣು ಹೊರಾಕೆ ಜನ ಬೇಕು ಅಂತ ಇಟ್ಕಂಡಿರಾ?"

ನಾನು ಮೇಲಿನಿಂದ "ನಾಗಭೂಷಣ, ನಿಲ್ಲಯ್ಯ, ಹೇಳ್ತೀನಿ" ಅಂದೆ. ಇಳಿಯಬೇಕಲ್ಲ, ಈ ಮೊಣಕಾಲು. ಯಮುನಾ ಪುಟ್ಟಿ ಕೆಳಗಿಳಿಸಿ ಅಣ್ಣನ ಮುಂದೆ ನಿಂತಳು. ಅವಳು ನಾಲ್ಕು ಮಾತು ಆಡಿದ್ದರೆ ಮುಗಿಯುತ್ತಿತ್ತು. ಆ ಹುಡುಗಿಯಲ್ಲಿ ಆಗ ನಾಲ್ಕು ಮಾತು ಇರಲಿಲ್ಲ.

"ನೀನು ಹೋಗಣ್ಣ. ನಾನು ಇಲ್ಲೇ ಇರ್ತೀನಿ."

"ಯಾರಿಗೆ ಹೆದರ್ಕಂಡು ಹಿಂಗಂತೀಯ?"

"ಯಾರಿಗೂ ಇಲ್ಲ."

ನಾನು ಕೆಳಗೆ ಬರುವಷ್ಟರಲ್ಲಿ ಗಾಡಿ ತಿರುಗಿಸಿಕೊಂಡು ಹೋಗಿದ್ದ. ಧೂಳು ಮಾತ್ರ ಇತ್ತು. ಯಮುನಾ ಧೂಳು ನೋಡಿದಳು, ಖಾಲಿ ಪುಟ್ಟಿ ತೆಗೆದುಕೊಂಡು ಮತ್ತೆ ಹತ್ತಿದಳು.

ಮಣ್ಣು ಇಳಿಸಲು ಮಾರನೆಯ ದಿನವೂ ಬೇಕಾಯಿತು. ರೊಪ್ಪದ ಪಕ್ಕ ಗುಡ್ಡೆ ಹಾಕಿದರು. ಉಪ್ಪು ಮಣ್ಣಲ್ಲವಾ, ಕುರಿಗಳು ಸಾಲಾಗಿ ನಿಂತು ನೆಕ್ಕಿದವು. ಅಕ್ಕ ಆ ಕಡೆ ನೋಡಲಿಲ್ಲ. ಸೂರು ಒಣಗಲು ಬಹಳ ದಿನ ಹಿಡಿಯಿತು. ಆಮೇಲೆ ದುರುಗೇಶ್ ಗಾರೆ ಮಾಡಿಸಿದ, ಬಚ್ಚಲು ಮತ್ತೆ ಕಟ್ಟಿಸಿದ. ಯಮುನಾ ಅಂಗನವಾಡಿಗೆ ಹೋಗುತ್ತಿದ್ದಾಳೆ. ಅಕ್ಕ ಬೆಳಿಗ್ಗೆ ಮೇಲೆ ಹತ್ತುವುದಿಲ್ಲ. ಮರುವರ್ಷ ಯುಗಾದಿಗೆ ಹೋದಾಗ ಯಮುನಾಳನ್ನು ಕೇಳಿದೆ, ರೂಮು ಹೇಗಿದೆಯಮ್ಮ ಅಂತ.

"ಒಣಗೈತೆ ಮಾವ" ಅಂದಳು. ಆಮೇಲೆ, "ಬೆಳಿಗ್ಗೆ ಏನೂ ಕೇಳ್ಸಲ್ಲ" ಅಂದಳು.

ನಾಗಭೂಷಣ ಅವತ್ತು ಹೋದವನು ಇವತ್ತಿಗೂ ಆ ಮನೆ ಮೆಟ್ಟಿಲು ತುಳಿದಿಲ್ಲ. ಹಬ್ಬಕ್ಕೆ ಕರೆಯುವುದಿಲ್ಲ, ಯಮುನಾ ಫೋನ್ ಮಾಡಿದರೆ ಎತ್ತುವುದಿಲ್ಲ. ನನ್ನದೂ ಎತ್ತುವುದಿಲ್ಲ. ತಂಗಿಯನ್ನು ಜೀತಕ್ಕೆ ಇಟ್ಟುಕೊಂಡಿದ್ದಾರೆ ಅಂತ ಹೊಳಲ್ಕೆರೆಯಲ್ಲಿ ಸಿಕ್ಕಿದವರಿಗೆಲ್ಲ ಹೇಳುತ್ತಾನಂತೆ. ಯಮುನಾ ಹೋಗಿ ಹೇಳುವವಳಲ್ಲ, ನನಗೆ ಈಗ ಬಸ್ಸು ಹತ್ತುವ ಕಾಲು ಉಳಿದಿಲ್ಲ. ಅವನು ಈ ಗುಂಪಿನಲ್ಲಿ ಇಲ್ಲ. ನಿಮ್ಮಲ್ಲಿ ಯಾರೋ ಒಬ್ಬರ ಹತ್ತಿರ ಅವನು ಎತ್ತುವಂಥ ನಂಬರ್ ಇರಲೇಬೇಕು. ಈ ತುಂಡುಗಳನ್ನೆಲ್ಲ ಅವನಿಗೆ ಕಳಿಸಿ. ಉದ್ದವಾಯಿತು ಅಂತ ಅವನು ಕೇಳದಿದ್ದರೆ ಪುಟ್ಟಿ ಹೊತ್ತದ್ದು ಯಾಕೆ ಅನ್ನುವಷ್ಟನ್ನಾದರೂ ನೀವೇ ಬಾಯಲ್ಲಿ ಹೇಳಿ. ನಿಮಗೆ ಹೊಳಲ್ಕೆರೆ ಕಡೆ ಕೆಲಸ ಬಿದ್ದರೆ ಅವನ ಮನೆಗೇ ಹೋಗಿ ಕುಳಿತು ಹೇಳಿ.